ಶಿಯಾ ಬರೀ ಕ್ರೀಮಲ್ಲ

ಮಾನ್ಯ ಸಂಪಾದಕರೇ,

‘ತ್ವಚೆಗೆ ಶಿಯಾ ಬೆಣ್ಣೆ’ ಎಂಬ ನಿಮ್ಮ ಪುರವಣಿ ಲೇಖನ ಓದಿದೆ. ಅದರಲ್ಲಿ ಬರೀ ಮುಖಕಾಂತಿಯ ಮಾತೇ ಇತ್ತು. ಉತ್ತರ ಘಾನಾದ ಟಮಾಲೆಯಲ್ಲಿ ಕೆಲಸದಲ್ಲಿರುವ ನನಗೆ ಅದು ಅರ್ಧ ಕಥೆ ಅನಿಸಿತು. ಈ ಬೆಣ್ಣೆ ಬರುವುದು ಶಿಯಾ ಮರದ ಬೀಜದಿಂದ; ದಗ್ಬಾನಿ ಮಾತಾಡುವ ಇಲ್ಲಿನವರಿಗೆ ಆ ಮರ ‘ತಾಂಗ’. ತೋಟದ ಹಾಗೆ ನೆಟ್ಟದ್ದಲ್ಲ, ಹೊಲ ಹಸನು ಮಾಡುವಾಗ ಕಡಿಯದೆ ಉಳಿಸಿಕೊಂಡದ್ದು. ಫಲ ಬಿಡಲು 15–20 ವರ್ಷ ಬೇಕು.

ಮಳೆ ಶುರುವಾದರೆ ಹೆಂಗಸರು ನಸುಕಿಗೇ ಎದ್ದು ಉದುರಿದ ಹಣ್ಣು ಆಯಲು ಹೊರಡುತ್ತಾರೆ. ತಿರುಳು ತಿನ್ನಲು ಸಿಹಿ. ಬೀಜವನ್ನು ಬೇಯಿಸಿ, ಒಣಗಿಸಿ, ಒಡೆದು, ಹುರಿದು, ಅರೆದು, ನೀರು ಬೆರೆಸಿ ಜಿಡ್ಡು ಮೇಲೇಳುವವರೆಗೆ ಕೈಯಲ್ಲೇ ಕಲಸಬೇಕು. ರಟ್ಟೆ ಬೀಳುವ ಕೆಲಸ! ಗಂಡಸರು ಆ ಕಡೆ ಸುಳಿಯುವುದು ಅಪರೂಪ. ಆ ಜಿಡ್ಡೇ ಶಿಯಾ ಬೆಣ್ಣೆ; ಇಲ್ಲಿ ಅದು ಅಡುಗೆಗೂ ಬೇಕು, ಸಾಬೂನಿಗೂ ಬೇಕು. ಐರೋಪ್ಯ ಒಕ್ಕೂಟ ಚಾಕೊಲೇಟಿಗೆ ಶೇ 5ರವರೆಗೆ ಸೇರಿಸಲು ಒಪ್ಪಿರುವ ಕೊಬ್ಬುಗಳಲ್ಲಿ ಇದೂ ಇದೆ.

ಇಂಥ ಮರವನ್ನೇ ಇದ್ದಿಲಿಗಾಗಿ ಉರುಳಿಸುತ್ತಿದ್ದಾರೆ. ಮುಂದಿನ ಸಲ ಮುಖಕಾಂತಿಯ ಜೊತೆಗೆ ಇದಕ್ಕೂ ಎರಡು ಸಾಲು ಜಾಗ ಕೊಡಿ.

– ಓದುಗ, ಟಮಾಲೆ, ಘಾನಾ