ಅದು ಪೇಂಟಲ್ಲ ಸ್ವಾಮಿ, ಗಾಜು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣೀಲಿ ಹಳೇ ಎನಾಮಲ್ ಅಂಗಡಿ ಬೋರ್ಡುಗಳ ಫೋಟೋನ ಒಂದು ಪುಟ ಪೂರ್ತಿ ಹಾಕಿದ್ರಲ್ಲ, ಕಾಫಿ ಆರಿ ತಣ್ಣಗಾದ್ರೂ ನಾನು ಅದನ್ನೇ ನೋಡ್ತಾ ಕೂತಿದ್ದೆ. ಆದ್ರೆ ಫೋಟೋ ಕೆಳಗಿನ ಸಾಲು ಓದಿ ತಡೆಯೋಕಾಗ್ಲಿಲ್ಲ, ಅದಕ್ಕೇ ಈ ಪತ್ರ. ಬರ್ಮಾ ಷೆಲ್ ಅನ್ನೋ ಪೆಟ್ರೋಲ್ ಕಂಪನಿ ಬೋರ್ಡಿನ ಕೆಳಗೆ "120 ವರ್ಷ ಹಳೆಯ ಪೇಂಟಿಂಗ್" ಅಂತ ಹಾಕಿದೀರಿ. ವರ್ಷಾನೂ ತಪ್ಪು, ಪೇಂಟಿಂಗೂ ತಪ್ಪು.

ಬರ್ಮಾ ಆಯಿಲ್‌ನೋರು ಷೆಲ್‌ನೋರು ಸೇರ್ಕೊಂಡು ಇಲ್ಲಿ ಆ ಜೋಡಿ ಹೆಸರಲ್ಲಿ ವ್ಯಾಪಾರ ಶುರು ಮಾಡಿದ್ದೇ 1928ರಲ್ಲಿ. 1976ರಲ್ಲಿ ಸರ್ಕಾರ ತಗೊಂಡ್ಮೇಲೆ ಅದು ಭಾರತ್ ಪೆಟ್ರೋಲಿಯಂ ಆಯ್ತು. ಅಂದ್ರೆ ಆ ಬೋರ್ಡು ಈ ಎರಡು ವರ್ಷದ ಮಧ್ಯದ್ದೇ, ಬ್ರಿಟಿಷರ ಕಾಲದ್ದೇ ಅಂತಾನೂ ಹೇಳಕ್ಕಾಗಲ್ಲ, ಇಂದಿರಾ ಗಾಂಧಿ ಕಾಲದ್ದೂ ಇರಬಹುದು. ಬೋರ್ಡಿನ ಮೇಲೆ ಬೆಲೆ ಆಣೆ ಲೆಕ್ಕದಲ್ಲಿದ್ರೆ 1957ರ ಏಪ್ರಿಲ್‌ಗಿಂತ ಹಿಂದಿಂದು, ಯಾಕಂದ್ರೆ ಆಮೇಲೆ ನಯಾಪೈಸೆ ಬಂತು. "ಮೈಸೂರು ರಾಜ್ಯ" ಅಂತಿದ್ರೆ 1973ರ ನವೆಂಬರ್‌ಗಿಂತ ಮುಂಚಿಂದು. ಹಳೇ ವಸ್ತು ಮಾರೋರು ಹೇಳೋ ವಯಸ್ಸು ಬಿಟ್ಟಾಕಿ, ಬೋರ್ಡೇ ಹೇಳತ್ತೆ, ಓದ್ಬೇಕು ಅಷ್ಟೇ. ಇನ್ನು ಪಕ್ಕದ ಮೈಸೂರು ಸ್ಯಾಂಡಲ್ ಸೋಪಿನ ಗುರುತಿಗೆ ಗಂಡಭೇರುಂಡ ಅಂತ ಬರೆದಿದೀರಲ್ಲ, ಅದು ಶರಭ, ಸಿಂಹದ ಮೈ ಆನೆ ತಲೆ. ಎಲ್ರೂ ಮಾಡೋ ತಪ್ಪೇ ಬಿಡಿ.

ಪೇಂಟ್ ವಿಷ್ಯಕ್ಕೆ ಬರ್ತೀನಿ. ಎನಾಮಲ್ ಬೋರ್ಡಲ್ಲಿರೋದು ಗಾಜು. ಗಾಜಿನ ಪುಡಿನ ಕಬ್ಬಿಣದ ಶೀಟಿನ ಮೇಲೆ ಹಾಕಿ ಸುಮಾರು 800 ಡಿಗ್ರಿ ಕುಲುಮೆಗೆ ಕೊಟ್ರೆ ಅದು ಕರಗಿ ಶೀಟಿಗೆ ಕಚ್ಕೊಳತ್ತೆ. ಮೊದ್ಲು ಕಪ್ಪಗಿರೋ ತಳಪದರ, ಆಮೇಲೆ ಬಿಳಿ, ಆಮೇಲೆ ಒಂದೊಂದು ಬಣ್ಣ, ಪ್ರತಿ ಸಲಾನೂ ಪುಡಿ ಒಣಗಿಸಿ ಸ್ಟೆನ್ಸಿಲ್ ಇಟ್ಟು ಬೇಡದ ಕಡೆ ಬ್ರಷ್‌ನಲ್ಲಿ ಉಜ್ಜಿ ತೆಗೆದು ಮತ್ತೆ ಕುಲುಮೆಗೆ. ಅದಕ್ಕೇ ನೋಡಿ, ಪೇಪರ್ ಪೋಸ್ಟರ್ ಒಂದು ಮಳೆಗಾಲ ತಡೀದೇ ಇದ್ದ ಜಾಗದಲ್ಲಿ ಇವು ಐವತ್ತು ಅರವತ್ತು ವರ್ಷ ನಿಂತಿರೋದು. ಅಕ್ಷರದ ಅಂಚಿನ ಮೇಲೆ ಉಗುರು ಆಡಿಸಿದ್ರೆ ಸಣ್ಣ ಮೆಟ್ಟಿಲು ಸಿಕ್ಕತ್ತೆ. ಈಗ ಡೂಪ್ಲಿಕೇಟು ಬೇಕಾದಷ್ಟು ಬರ್ತಿವೆ, ಪ್ರಿಂಟ್ ಹೊಡೆದು ಆಸಿಡ್ ಹಾಕಿ ತುಕ್ಕು ಬರಿಸಿರ್ತಾರೆ, ಅದರಲ್ಲಿ ಈ ಮೆಟ್ಟಿಲು ಸಿಗಲ್ಲ. ನಿಜವಾದ್ದು ಪೆಟ್ಟು ಬಿದ್ದ ಕಡೆ ಕಪ್ಪೆಚಿಪ್ಪಿನ ಆಕಾರದಲ್ಲಿ ಎದ್ದೋಗಿರತ್ತೆ, ಒಳಗೆ ಆ ಕಪ್ಪು ಪದರ ಕಾಣತ್ತೆ.

ಇದೆಲ್ಲ ನಂಗೆ ಗೊತ್ತಾಗಿದ್ದು ನಮ್ಮನೆ ಬಚ್ಚಲಿಂದ. ತಾತನ ಕಿರಾಣಿ ಅಂಗಡಿ ಮುಚ್ಚಿದ್ಮೇಲೆ ಅಲ್ಲಿದ್ದ ಟೀಪುಡಿ ಬೋರ್ಡನ್ನ ಅಜ್ಜಿ ಹಂಡೆ ಒಲೆ ಬಾಯಿಗೆ ಅಡ್ಡ ಇಡ್ತಿದ್ರು, ಹೊಗೆ ಈಚೆ ಬರದೇ ಇರ್ಲಿ ಅಂತ. ಅಷ್ಟು ವರ್ಷ ಬೆಂಕಿ ಮುಂದೆ ಇದ್ರೂ, ಹೋದ ವರ್ಷ ಸೀಗೆಪುಡಿ ಹಾಕಿ ಮಸಿ ತೊಳೆದಾಗ ಕೆಂಪು ಕೆಂಪಾಗೇ ಇತ್ತು. ಒಂದು ಕೆಟಲ್ಲು, ಒಂದು ಕಪ್-ಸಾಸರ್ರು, ಎರಡು ಸಾಲು ಕನ್ನಡ. ಅದರಲ್ಲೊಂದು ಒತ್ತಕ್ಷರ ಪಕ್ಕಕ್ಕೆ ಜಾರಿದೆ, ಸ್ಟೆನ್ಸಿಲ್ ಕೊರೆದೋನಿಗೆ ಕನ್ನಡ ಬರ್ತಿರಲಿಲ್ಲ ಅನ್ಸತ್ತೆ ಪಾಪ.

ಕೆಟಲ್ ಚಿತ್ರ ಯಾಕೆ ಅಷ್ಟು ದೊಡ್ಡದು ಅಂತ ಬಹಳ ದಿನ ಅರ್ಥ ಆಗಿರ್ಲಿಲ್ಲ. ಆಮೇಲೆ ಗೊತ್ತಾಯ್ತು, 1930ರ ದಶಕದಲ್ಲಿ ಟೀ ಬೆಳೆಯೋರು ನಮ್ಮ ಜನಕ್ಕೆ ಟೀ ರೂಢಿ ಮಾಡಿಸೋಕೆ ದೊಡ್ಡ ಪ್ರಚಾರನೇ ಮಾಡಿದ್ರು, ನೀರು ಕುದಿಸಿ, ಸೊಪ್ಪು ಹಾಕಿ, ಇಷ್ಟು ಹೊತ್ತು ಮುಚ್ಚಿಡಿ ಅಂತ ಹೇಳ್ಕೊಡೋ ಎನಾಮಲ್ ಬೋರ್ಡುಗಳು ಬಂಗಾಳದ ಕಡೆ ರೈಲ್ವೆ ಸ್ಟೇಷನ್ನಲ್ಲೂ ಇದ್ವು. ಆಗ ಟೀ ಬಹಳಷ್ಟು ಜನಕ್ಕೆ ಹೊಸದು! ನಮ್ಮಂಥ ಕಾಫಿ ಊರಿನ ಕಿರಾಣಿ ಅಂಗಡಿ ಗೋಡೆ ಮೇಲೆ, ಓದಕ್ಕೆ ಬರದೇ ಇರೋರಿಗೂ ತಿಳೀಲಿ ಅಂತ ಆ ಕೆಟಲ್ಲು ಅಷ್ಟು ದೊಡ್ಡದಾಗಿರಬೇಕು.

ಈ ಅರ್ಥ ಹೊಳೆದಿದ್ದು ಬೋರ್ಡು ಯಾವ ಗೋಡೆ ಮೇಲಿತ್ತು ಅಂತ ನಂಗೆ ಗೊತ್ತಿದ್ದಕ್ಕೆ. ಅದೇ ಬೋರ್ಡು ಬೆಂಗಳೂರಿನ ಯಾವುದೋ ಕೆಫೆ ಗೋಡೆಗೆ ಹೋಗಿದ್ರೆ ಬರೀ ಚಂದದ ತಗಡು. ನಿಮ್ಮ ಪುಟದಲ್ಲಿ ಹಾಕಿದ ಒಂದು ಬೋರ್ಡಿಗೂ ಊರಿನ ಹೆಸರಿಲ್ಲ, ಯಾವ ಬೀದಿ, ಯಾವ ಅಂಗಡಿ, ಏನೂ ಇಲ್ಲ, ಇದು ನನ್ನ ನಿಜವಾದ ತಕರಾರು. ಮನೇಲಿ ಇಂಥ ಬೋರ್ಡು ಇರೋ ಓದುಗರಿಗೂ ಒಂದು ಮಾತು, ಮಾರೋದಾದ್ರೆ ಮಾರಿ, ಆದ್ರೆ ಕೀಳೋ ಮುಂಚೆ ಗೋಡೆ ಸಮೇತ ಒಂದು ಫೋಟೋ ತೆಗೆದಿಡಿ.

ಇನ್ನೊಂದು. ಈ ಬೋರ್ಡುಗಳಲ್ಲಿ ಮಾಡಿದ ಕಾರ್ಖಾನೆ ಹೆಸರು ಸಾಮಾನ್ಯವಾಗಿ ತೀರಾ ಕೆಳಗಿನ ಅಂಚಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇರತ್ತೆ. ನಿಮ್ಮ ಬರ್ಮಾ ಷೆಲ್ ಫೋಟೋದಲ್ಲಿ ಆ ಅಂಚನ್ನೇ ಕಟ್ ಮಾಡಿಬಿಟ್ಟಿದೀರಿ. ಪೂರ್ತಿ ಫೋಟೋ ಇದ್ರೆ ಮುಂದಿನ ವಾರ ಹಾಕ್ತೀರಾ?

ಇಂತಿ,
ನಿಮ್ಮ ಹಳೇ ಓದುಗ, ಅರಸೀಕೆರೆ