ಯಾವ ಅಡಿಕೆ ಅಂತ ಮೊದ್ಲು ಕೇಳು

ಪ್ರೀತಿಯ ತಂಗಿ,

ನೀನು ಕಳ್ಸಿದ ಮಲೆನಾಡಿನ ಹೊಸ ಟ್ರೆಂಡ್‌ಗಳ ಲೇಖನ ಎರಡು ಸಲ ಓದ್ದೆ. ಟೆಕ್ನಾಲಜಿ, ಎಕಾನಮಿ, ಫುಡ್, ಪಾಲಿಟಿಕ್ಸ್ ಅಂತ ನಾಲ್ಕು ಹೆಡ್ಡಿಂಗ್ ಹಾಕಿ ನೀಟಾಗಿ ಬರ್ದಿದೀಯ, ಆದ್ರೆ ಮಾರಾಯ್ತಿ, ಓದಿ ಮುಗ್ಸಿದ್ಮೇಲೆ ಒಬ್ಬರ ಮುಖನೂ ನೆನಪಲ್ಲಿ ಉಳೀಲಿಲ್ಲ, ಸಾಗರ ಅಂತ ಇರೋ ಕಡೆ ಮಂಡ್ಯ ಅಂತ ಹಾಕಿದ್ರೂ ನಡೀತದೆ. "ಇಂದಿನ ವೇಗದ ಯುಗದಲ್ಲಿ" ಅನ್ನೋ ಮೊದಲ ಸಾಲು ಎಐ ಬರ್ಕೊಟ್ಟಿದ್ದೋ ನಿಂದೋ ಕೇಳಲ್ಲ, ಯಾರದ್ದಾದ್ರೂ ಹೊಡ್ದಾಕು.

ನನ್ ಕಥೆನೇ ಹೇಳ್ತೀನಿ ಕೇಳು. ಬರೆಯೋಕೆ ಶುರು ಮಾಡಿದ ಹೊಸದ್ರಲ್ಲಿ "ಅಡಿಕೆ ಧಾರಣೆ ಕುಸಿತ" ಅಂತ ದೊಡ್ಡದಾಗಿ ಬರ್ದಿದ್ದೆ. ಮಾರನೇ ದಿನ ಮಂಡಿ ಹತ್ರ ವಯಸ್ಸಾದ ಬೆಳೆಗಾರರೊಬ್ರು ಪೇಪರ್ ಕಂಕುಳಲ್ಲಿಟ್ಕೊಂಡು ಬಂದು "ಯಾವ ಅಡಿಕೆ ಸ್ವಾಮಿ ಕುಸ್ದಿದ್ದು?" ಅಂದ್ರು. ನಂಗೆ ಬಾಯೇ ಇಲ್ಲ. ಅಡಿಕೆಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬಗೆಗಳು, ಒಂದೊಂದಕ್ಕೂ ಒಂದೊಂದು ರೇಟು, ಸಾಗರದ ಕಡೆ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗ್ಸೋ ಚಾಲಿ ಲೆಕ್ಕನೇ ಬೇರೆ. ಅವತ್ತು ಇಳ್ದಿದ್ದು ಗೊರಬಲು ಒಂದೇ, ರಾಶಿ ಅಲ್ಲಾಡಿರ್ಲಿಲ್ಲ. ಅವರು ಬೈಲಿಲ್ಲ, ನಕ್ಕು ಹೋದ್ರು, ಅದೇ ಜಾಸ್ತಿ ಉರೀತು.

ನಿನ್ನ ಎಕಾನಮಿ ಭಾಗದಲ್ಲಿ "ಆಮದಿನಿಂದ ರೈತರಿಗೆ ತೊಂದರೆ" ಅಂತ ಒಂದು ಸಾಲಿದೆ ಅಷ್ಟೇ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರೋಕೆ ಕನಿಷ್ಠ ಬೆಲೆಯ ಕಟ್ಟುಪಾಡಿಲ್ದೆ ಕೇಂದ್ರ ಒಪ್ಕೊಳ್ತು, ಇಲ್ಲಿ ಗಲಾಟೆ ಆಯ್ತು, 2023ರ ಫೆಬ್ರವರಿಲಿ ಉಳಿದ ಆಮದಿನ ಕನಿಷ್ಠ ಬೆಲೆನ ಕೆಜಿಗೆ 251ರಿಂದ 351 ರೂಪಾಯಿಗೆ ಏರ್ಸಿದ್ರು, ಅದಕ್ಕಿಂತ ಕಮ್ಮಿದು ಒಳಗೆ ಬರಂಗಿಲ್ಲ ಅಂತ. ಎಕಾನಮಿ, ಪಾಲಿಟಿಕ್ಸ್ ಎರಡೂ ಒಂದೇ ಚೀಲದಲ್ಲಿದೆ, ನೀನ್ಯಾಕೆ ಎರಡು ಹೆಡ್ಡಿಂಗ್ ಮಾಡ್ದೆ?

ಟೆಕ್ನಾಲಜಿ ಅಂತ ಡ್ರೋನು, ಆ್ಯಪು ಅಂತೆಲ್ಲ ಬರ್ದಿದೀಯ. ಮನೆ ಹಿಂದಿನ ತೋಟಕ್ಕೆ ಹೋಗು, ಕಾರ್ಬನ್ ಫೈಬರ್ ದೋಟಿಗೆ, ಅಂದ್ರೆ ಉದ್ದನೆ ಕೋಲಿಗೆ, ಪೈಪ್ ಕಟ್ಕೊಂಡು ಕೆಳಗೆ ನಿಂತೇ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೀತಿರ್ತಾರೆ. ಮಳೆಗಾಲದಲ್ಲಿ ಜಾರೋ ಮರ ಹತ್ತೋದು ತಪ್ತು, ಅದು ಸಣ್ಣ ವಿಷಯ ಅಲ್ಲ. ಆದ್ರೆ ದಿನವಿಡೀ ಮೇಲೇ ನೋಡ್ತಾ ಅವರ ಕತ್ತು ಏನಾಗಿದೆ ಕೇಳು. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ, ತೋಟದ ಮೇಲೆ ಲೈನ್ ಹೋಗಿದ್ರೆ ದೋಟಿ ತಾಗ್ದಂಗೆ ಹೆಂಗೆ ನೋಡ್ಕೊಳ್ತಾರೆ ಕೇಳು. ಮರ ಹತ್ತೋ ಕೊನೆಗೌಡರಿಗೆ ಈಗ ಕೆಲಸ ಎಷ್ಟು ದಿನ ಸಿಗ್ತಿದೆ ಅಂತ್ಲೂ ಕೇಳು. ಮಾಲೀಕರ ಮುಂದೆ ಕೇಳ್ಬೇಡ, ಟೀ ಕುಡಿಯೋವಾಗ ಪಕ್ಕದಲ್ಲಿ ಕೂತು ಕೇಳು.

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಬಗ್ಗೆ ಉದ್ಘಾಟನೆ ದಿನದ ಸುದ್ದಿನೇ ತಿರುಗಾ ಬರ್ದಿದೀಯ: 2025ರ ಜುಲೈ 14, 2.44 ಕಿಲೋಮೀಟರ್. ಅಂಕಿ ಸರಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನೀರು ನಿಂತು ಸಿಗಂದೂರು ಕಡೆ ದ್ವೀಪದಂಗೆ ಆಗಿದ್ದು, ಅಲ್ಲಿಂದ ಲೆಕ್ಕ ಹಾಕು ಎಷ್ಟು ವರ್ಷ ಅಂತ. ಲಾಂಚ್ ತಪ್ಪಿದ್ರೆ ಹೆರಿಗೆ ನೋವು ಬಂದೋರೂ ಈ ದಡದಲ್ಲೇ ಕೂರ್ಬೇಕಿತ್ತು. ಈಗ ಅಂಬಾರಗೋಡ್ಲಲ್ಲಿ ಲಾಂಚ್ ಕಾಯೋರಿಗೆ ಚುರುಮುರಿ ಮಾರ್ತಿದ್ದೋರ್ ಕಥೆ ಏನು? ಅದೇ ಶರಾವತಿಲೇ ತಳಕಳಲೆ–ಗೇರುಸೊಪ್ಪೆ ಮಧ್ಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಮಾಡ್ಬೇಕಂತಿದಾರೆ, ಕರೆಂಟ್ ಜಾಸ್ತಿ ಇದ್ದಾಗ ನೀರು ಮೇಲೆತ್ತಿ ಬೇಕಾದಾಗ ಕೆಳಗೆ ಬಿಡೋದು. ಎತ್ತೋಕೆ ಹೋಗೋ ಕರೆಂಟು ವಾಪಸ್ ಬರೋದಕ್ಕಿಂತ ಜಾಸ್ತಿ, ಆದ್ರೂ ಪೀಕ್ ಟೈಮಲ್ಲಿ ಸಿಗೋದಕ್ಕೆ ಬೆಲೆ ಇದೆ ಅಂತಾರೆ ಯೋಜನೆ ಬೇಕು ಅನ್ನೋರು. ಸಿಂಗಳೀಕ ಕೋತಿಗಳ ಕಾಡು ಹೋಗ್ತದೆ ಅಂತಾರೆ ಬೇಡ ಅನ್ನೋರು. ನಂಗೆ ಬೇಡ ಅನ್ನೋರ ಮಾತೇ ಸರಿ ಅನ್ಸತ್ತೆ, ಆದ್ರೆ ಬೇಕು ಅನ್ನೋರ ಲೆಕ್ಕ ಬಿಟ್ಟು ಬರೆದ್ರೆ ಅದು ಕರಪತ್ರ ಆಗ್ತದೆ.

ಫುಡ್ ಭಾಗ ಪರವಾಗಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗೋದು ಹೇಳಿದೀಯ, ಮಿಡಿ ಎಲ್ಲಿಂದ ಬಂತು ಹೇಳಿಲ್ಲ. ಹೊಳೆ ದಂಡೆ ಮರದ ಕೊಂಬೆನೇ ಕಡ್ದು ಮಿಡಿ ಇಳ್ಸೋದು ನೋಡಿದೀನಿ, ಆ ಮರ ಮುಂದಿನ ವರ್ಷ ಏನು ಕೊಡ್ತದೆ?

ನಾಲ್ಕರಲ್ಲಿ ಒಂದೇ ಇಟ್ಕೋ, ನನ್ನ ಕೇಳಿದ್ರೆ ದೋಟಿ. ಭಾನುವಾರದೊಳಗೆ ಕಳ್ಸು. ಈ ಮಳೆಲಿ ನಮ್ಮನೆಲಿ ನೆಟ್‌ವರ್ಕ್ ಇರಲ್ಲ, ವಾಟ್ಸಾಪಲ್ಲಿ ಒಂದೇ ಟಿಕ್ ಬಂದ್ರೆ ಗಾಬರಿ ಆಗ್ಬೇಡ, ಗುಡ್ಡದ ಮೇಲೆ ಹೋದಾಗ ನೋಡ್ತೀನಿ.

ನಿನ್ನ ಅಣ್ಣ