ರೇಸ್ ಕುದುರೆ ಸಾಕುವುದೂ ಒಂದು ಉದ್ಯೋಗ, ಅದಕ್ಕೊಂದು ದಾರಿ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪಿಯುಸಿ ಫಲಿತಾಂಶ ಬಂದ ಕೂಡಲೇ ಪತ್ರಿಕೆಗಳಲ್ಲಿ ಮುಂದೇನು ಓದಬೇಕು ಅಂತ ಪುಟಗಟ್ಟಲೆ ಮಾಹಿತಿ ಬರುತ್ತದೆ. ಎಂಜಿನಿಯರಿಂಗ್, ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್, ಈಚೆಗೆ ಡ್ರೋನ್ ಹಾರಿಸುವುದೂ ಸೇರಿಕೊಂಡಿದೆ. ಆದರೆ ರೇಸ್ ಕುದುರೆಗಳನ್ನು ಹುಟ್ಟಿಸಿ, ಬೆಳೆಸಿ, ಓಟಕ್ಕೆ ಪಳಗಿಸುವ ಕೆಲಸದ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಬಂದ ಸ್ಟಡ್ ಫಾರ್ಮ್, ಅಂದರೆ ಕುದುರೆ ತಳಿ ಬೆಳೆಸುವ ಜಾಗ, ಇದೆ. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಕುದುರೆ ಸುದ್ದಿ ಅಂದರೆ ಎರಡೇ: ಒಂದು ಬೆಟ್ಟಿಂಗ್, ಇನ್ನೊಂದು ಜಾಗದ ಜಗಳ. ಬೆಳಗಿನ ಜಾವ ಎದ್ದು ಆ ಪ್ರಾಣಿಗಳ ಹಿಂದೆ ದುಡಿಯುವ ಜನರ ಸುದ್ದಿ ಯಾರಿಗೂ ಬೇಡ.

ನಾನು ನಿವೃತ್ತ ಪಶುವೈದ್ಯ. ಓದುವಾಗ ನಮಗೆ ಹಸು, ಎಮ್ಮೆ, ಕುರಿಯ ಪಾಠವೇ ಜಾಸ್ತಿ, ಕುದುರೆ ಬಗ್ಗೆ ಕಲಿತದ್ದು ಹೆಚ್ಚಾಗಿ ಕೆಲಸದ ಜಾಗದಲ್ಲೇ. ಪ್ರಾಣಿ ಅಂದರೆ ಜೀವ ಬಿಡುವ ಹುಡುಗ ಹುಡುಗಿಯರು ಇವತ್ತಿಗೂ ನನ್ನ ಹತ್ತಿರ ಬಂದು "ಸಾರ್, ಕುದುರೆ ಕೆಲಸಕ್ಕೆ ಹೇಗೆ ಸೇರೋದು?" ಅಂತ ಕೇಳುತ್ತಾರೆ. ಇಂಥ ಕಾಲೇಜಿಗೆ ಹೋಗಿ, ಇಂಥ ಅರ್ಜಿ ಹಾಕಿ ಅಂತ ಹೇಳಲು ನನ್ನ ಬಳಿ ಉತ್ತರವಿಲ್ಲ, ಅದಕ್ಕೇ ಈ ಪತ್ರ.

ಇದು ಸುಮ್ನೆ ಹುಲ್ಲು ಹಾಕಿ ಮೈ ತಿಕ್ಕುವ ಕೆಲಸ ಅಲ್ಲ. ಹಸುವಿಗಾದರೆ ಇನ್ಸೆಮಿನೇಷನ್ ಮಾಡಲು ಡಾಕ್ಟರೇ ಮನೆ ಬಾಗಿಲಿಗೆ ಬರುತ್ತಾರೆ, ಅಲ್ವಾ? ರೇಸಿಗೆ ಓಡಿಸುವ ಥರೋಬ್ರೆಡ್ ತಳಿಯ ಕುದುರೆಗೆ ಅದು ನಡೆಯುವುದಿಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಯಾವ ದೇಶದ ಸ್ಟಡ್ ಬುಕ್ಕಿನಲ್ಲೂ, ಅಂದರೆ ಈ ತಳಿಯ ವಂಶಾವಳಿ ದಾಖಲೆಯಲ್ಲಿ, ಬರೆದುಕೊಳ್ಳುವುದಿಲ್ಲ. ಹೆಣ್ಣು ಕುದುರೆಯನ್ನೇ ಗಂಡು ಇರುವ ಜಾಗಕ್ಕೆ ಕರೆದುಕೊಂಡು ಹೋಗಬೇಕು, ಅದಕ್ಕೇ ಸ್ಟಡ್ ಫಾರ್ಮಿಗೆ ಅಷ್ಟು ಜಾಗ, ಅಷ್ಟು ಜನ ಬೇಕಾಗುವುದು. ಇನ್ನೊಂದು ವಿಷಯ ನೋಡಿ. ನಮ್ಮ ದೇಶದಲ್ಲಿ ರೇಸ್ ಕುದುರೆ ಯಾವ ತಿಂಗಳು ಹುಟ್ಟಿದರೂ ವಯಸ್ಸನ್ನು ಜನವರಿ 1ರಿಂದಲೇ ಲೆಕ್ಕ ಹಾಕುತ್ತಾರೆ. ಮೊದಲು ಹುಟ್ಟಿದ ಮರಿ ಅದೇ ವಯಸ್ಸಿನವುಗಳ ಜೊತೆ ಓಡುವಾಗ ಹೆಚ್ಚು ಬೆಳೆದಿರುತ್ತದೆ, ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಬರಲಿ ಅಂತ ಎಲ್ಲರಿಗೂ ಆಸೆ. ಗರ್ಭ ಹನ್ನೊಂದು ತಿಂಗಳದ್ದು, ಹೆಣ್ಣು ಬೆದೆಗೆ ಬರುವುದು ಹಗಲು ಉದ್ದವಾಗುತ್ತಾ ಹೋದಾಗ. ಆದ್ದರಿಂದ ಚಳಿಗಾಲದಲ್ಲಿ ಲಾಯದಲ್ಲಿ ಲೈಟ್ ಹಾಕಿಟ್ಟು ಅದರ ಮೈಗೆ ಹಗಲು ಉದ್ದವಾಗಿದೆ ಅನ್ನಿಸುವಂತೆ ಮಾಡುತ್ತಾರೆ. ಇದನ್ನೆಲ್ಲ ತಿಳಿದು ಮಾಡುವವರು ಬೇಕು.

ಹೆರಿಗೆ ಹೆಚ್ಚಾಗಿ ನಡುರಾತ್ರಿಯಲ್ಲೇ. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಹತ್ತಿರ ಬಂತು ಅಂತ ಅರ್ಥ, ಆಮೇಲೆ ಪಾಳಿಯಲ್ಲಿ ಇರುವವರು ಕಣ್ಣು ಮುಚ್ಚುವ ಹಾಗಿಲ್ಲ. ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ಡಾಕ್ಟರಿಗೆ ಫೋನ್ ಹೋಗಬೇಕು, ಬೆಳಗಾಗಲಿ ಅಂತ ಕಾಯುವಂತಿಲ್ಲ. ಗಿಣ್ಣು ಹಾಲು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗದ ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ದೊಡ್ಡ ಕುದುರೆಯ ಕಷ್ಟ ಬೇರೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಹೊಟ್ಟೆನೋವು ಬಂದರೆ ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಕಾಲು ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುವುದು, ಇದನ್ನು ಮೊದಲು ಗಮನಿಸುವವನು ಡಾಕ್ಟರ್ ಅಲ್ಲ, ಜೊತೆಗಿರುವ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸಗಾರ. ಎಷ್ಟೋ ಕುದುರೆಗಳ ಜೀವ ಉಳಿದಿರುವುದು ಸೈಸ್‌ಗಳ ಕಣ್ಣಿನಿಂದ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮರಿಗೆ ಒಂದೂವರೆ ವರ್ಷ ಆದ ಮೇಲೆ ಜೀನು, ಲಗಾಮು ಅಭ್ಯಾಸ ಮಾಡಿಸಿ ಟ್ರೇನರ್ ಕೈಗೆ ಕೊಡುತ್ತಾರೆ. ಟ್ರೇನರ್ ದಿನವೂ ಕತ್ತಲಿದ್ದಾಗಲೇ ಲಾಯಕ್ಕೆ ಬಂದು ಒಂದೊಂದು ಕುದುರೆಯ ಮುಂಗಾಲಿನ ಮೇಲೆ ಕೈ ಆಡಿಸಿ ನೋಡಬೇಕು. ಅಲ್ಲಿನ ಸ್ನಾಯುರಜ್ಜು (ಟೆಂಡನ್) ಸ್ವಲ್ಪ ಬಿಸಿ ಅನ್ನಿಸಿದರೂ ಅವತ್ತು ಓಡಿಸಬಾರದು. ಟ್ರೇನರ್ ರಶೀದ್ ಬೈರಾಮ್‌ಜಿ ಬೆಂಗಳೂರಿನಲ್ಲೇ ಇದ್ದುಕೊಂಡು ದೇಶದ ದೊಡ್ಡ ರೇಸ್ ಆದ ಇಂಡಿಯನ್ ಡರ್ಬಿಯನ್ನು ಮತ್ತೆ ಮತ್ತೆ ಗೆದ್ದವರು. ಅಂಥವರು ಇದ್ದ ಊರಿನಲ್ಲಿ ಈ ವಿದ್ಯೆ ಈಗಲೂ ಬಾಯಿಂದ ಬಾಯಿಗೆ, ಅಪ್ಪನಿಂದ ಮಗನಿಗೆ ಅಂತಲೇ ನಡೆಯುತ್ತಿದೆ. ಜಾಕಿ, ಅಂದರೆ ರೇಸ್ ಸವಾರ, ಆಗುವವರಿಗೆ ರೇಸ್ ನಡೆಸುವ ಟರ್ಫ್ ಕ್ಲಬ್‌ನಲ್ಲಿ ತರಬೇತಿ ಶಾಲೆ ಇದೆ, ಆದರೆ ಅದು ಮೈತೂಕ ಕಡಿಮೆ ಇರುವ ಕೆಲವರಿಗಷ್ಟೇ. ಉಳಿದವರಿಗೆ ಪರಿಚಯದವರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಐರ್ಲೆಂಡ್ ಕಡೆ ನೋಡಿ. ಅಲ್ಲಿನ ಕಿಲ್ಡೇರ್‌ನಲ್ಲಿ ಐರಿಷ್ ನ್ಯಾಷನಲ್ ಸ್ಟಡ್ ಅಂತ ಇದೆ, ಸರ್ಕಾರದ್ದೇ. ಮರಿ ಹಾಕುವ ಸೀಸನ್ನಿಗೆ ಸರಿಯಾಗಿ ಅಲ್ಲೊಂದು ಕೋರ್ಸ್ ನಡೆಯುತ್ತದೆ. ವಿದ್ಯಾರ್ಥಿಗಳು ಫಾರ್ಮಿನಲ್ಲೇ ಇದ್ದು, ಲಾಯದ ಕೆಲಸ ಮಾಡುತ್ತಾ, ಪಾಠವನ್ನೂ ಕೇಳುತ್ತಾರೆ. ಬೇರೆ ಬೇರೆ ದೇಶಗಳಿಂದ ಹುಡುಗರು ಅಲ್ಲಿಗೆ ಬಂದು ಕಲಿಯುತ್ತಾರೆ. ಜನರು ಟಿಕೆಟ್ ತೆಗೆದುಕೊಂಡು ಹೋಗಿ ಕುದುರೆ ನೋಡಿಕೊಂಡೂ ಬರಬಹುದು.

ಕುಣಿಗಲ್‌ನಲ್ಲಿ ನಮಗೆ 400 ಎಕರೆಗೂ ಜಾಸ್ತಿ ಜಾಗ ಇದೆ. ಅದು ಸರ್ಕಾರದ್ದೇ ಭೂಮಿ, 1992ರಲ್ಲಿ 30 ವರ್ಷಕ್ಕೆ ಗುತ್ತಿಗೆಗೆ ಕೊಟ್ಟದ್ದು. ಅಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಬಂದಾಗ ಹಳೆಯ ಮರ ಹೋಗುತ್ತದೆ, ಇತಿಹಾಸ ಹೋಗುತ್ತದೆ ಅಂತ ಜನ ದನಿ ಎತ್ತಿದರು, ಸರಿಯಾಗೇ ಮಾಡಿದರು. ನನ್ನ ಚಿಂತೆ ಇನ್ನೂ ಒಂದಿದೆ. ಅಲ್ಲಿನ ಕೆಲಸಗಾರರಿಗೆ ಗೊತ್ತಿರುವ ವಿದ್ಯೆ ಎಲ್ಲಿಗೆ ಹೋಗುತ್ತದೆ? ಲಾಯ ಮುಚ್ಚಿ ಜನ ಚೆದುರಿದರೆ ಅದನ್ನು ಮತ್ತೆ ಕೂಡಿಸಲು ಆಗುವುದಿಲ್ಲ.

ಯುವಕರಿಗೆ ಕಷ್ಟವನ್ನೂ ಮುಚ್ಚಿಡಬಾರದು. ಸೈಸ್ ಕೆಲಸಕ್ಕೆ ಸಂಬಳ ಕಡಿಮೆ, ಒದೆ ಬಿದ್ದು ಮೂಳೆ ಮುರಿಯುವುದುಂಟು, ಹಬ್ಬಕ್ಕೂ ರಜೆ ಇಲ್ಲ. ಬಹುಮಾನದ ಹಣ ಹೆಚ್ಚಾಗಿ ಬೆಟ್ಟಿಂಗ್‌ನಿಂದಲೇ ಬರುವುದು, ಬೆಟ್ಟಿಂಗ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ ಶೇ 40 ಆಗಿದೆ. ಬೆಟ್ಟಿಂಗ್‌ನಿಂದ ಹಾಳಾದ ಮನೆಗಳನ್ನು ನಾನೂ ಕಂಡಿದ್ದೇನೆ, ಅದನ್ನು ಸಮರ್ಥಿಸಲು ನಾನು ಬರೆಯುತ್ತಿಲ್ಲ. ಆದರೆ ಕುದುರೆ ವಿದ್ಯೆ ರೇಸಿಗಷ್ಟೇ ಅಲ್ಲ, ಪೊಲೀಸ್ ಅಶ್ವದಳಕ್ಕೆ, ರೈಡಿಂಗ್ ಶಾಲೆಗಳಿಗೆ, ಸೇನೆಗೆ, ಕುದುರೆ ಆಸ್ಪತ್ರೆಗಳಿಗೆ ಎಲ್ಲಕ್ಕೂ ಬೇಕು. ಓಟ ನಿಲ್ಲಿಸಿದ ಕುದುರೆಯನ್ನು ಮತ್ತೆ ಪಳಗಿಸಿ ಸವಾರಿಗೆ ಕೊಡಲೂ ತಿಳಿದವರೇ ಬೇಕು. ಇಲ್ಲದಿದ್ದರೆ ಅವು ಯಾರ್ಯಾರದೋ ಕೈಗೆ ಸಿಕ್ಕಿ ನರಳುತ್ತವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಪಶುಸಂಗೋಪನೆ ಇಲಾಖೆ ಮತ್ತು ಟರ್ಫ್ ಕ್ಲಬ್‌ಗಳು ಸೇರಿ ಆರು ತಿಂಗಳದ್ದೋ ಒಂದು ವರ್ಷದ್ದೋ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಲಿ. ಕನ್ನಡದಲ್ಲೇ ಪಾಠ ನಡೆಯಲಿ, ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಸೀಟ್ ಇರಲಿ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇರಲಿ. ವರ್ಷಗಟ್ಟಲೆ ಕೆಲಸ ಮಾಡಿದ ಸೈಸ್‌ಗಳನ್ನು ಅಲ್ಲಿ ಮೇಷ್ಟ್ರುಗಳಾಗಿ ಕರೆದು ಮರ್ಯಾದೆಯ ಸಂಬಳ ಕೊಡಲಿ. ಲಾಳ ಕಟ್ಟುವುದನ್ನೂ ಅದರಲ್ಲೇ ಕಲಿಸಲಿ, ಒಳ್ಳೆ ಲಾಳದವರು ಸಿಗುವುದು ಕಷ್ಟವಾಗಿದೆ.

ಮುಂದಿನ ಸಲ ನಿಮ್ಮ ಶಿಕ್ಷಣ ಪುಟದಲ್ಲಿ ಇದಕ್ಕೂ ಅರ್ಧ ಪುಟ ಕೊಡಿ. ಬರೆಯುವವರು ಸಿಗದಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ನಿವೃತ್ತ ಪಶುವೈದ್ಯ
ತುಮಕೂರು ಜಿಲ್ಲೆ